ಕೋರ್ಟಿಗೆ ಬಂದ ಗಾದಿ

ಮಕ್ತುಮ್ ಸಾಬರಂಥ ಕಕ್ಷಿದಾರ ಯಾವ ವಕೀಲರಿಗೂ ಗಂಟು ಬೀಳದಿರಲಿ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಮನುಷ್ಯ ಒಳ್ಳೆಯವರು, ತೊಂದರೆ ಇರುವುದೇ ಅಲ್ಲಿ. ದಾವಣಗೆರೆ ಕೋರ್ಟಿನಲ್ಲಿ ನಾನು ನಡೆಸುವುದು ಹೆಚ್ಚಾಗಿ ಅಪಘಾತ ಪರಿಹಾರದ ಕೇಸುಗಳನ್ನು. ಮೊಣಕಾಲು ತರಚಿದ್ದಕ್ಕೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ನರಳುತ್ತಾ ಬರುವವರನ್ನು ನೋಡಿದ್ದೇನೆ. ಅಂಥವರನ್ನು ಬೈದು ಪಟ್ಟಿ ಬಿಚ್ಚಿಸುವುದು ಸುಲಭ. ಭುಜ ಮುರಿದುಕೊಂಡು ಕೂತು, 'ನನಗೇನೂ ಆಗಿಲ್ಲ' ಎನ್ನುವವರನ್ನು ಏನು ಮಾಡುವುದು?

ಸಾಬರದು ಗಾದಿ ಹೊಲಿಯುವ ಕಸುಬು. ಮನೆ ನಿಟ್ಟುವಳ್ಳಿಯ ಒಂದು ಸಂದಿಯಲ್ಲಿ. ಅವರಪ್ಪನ ಕಾಲಕ್ಕೆ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ ಹತ್ತಿ ಹಿಂಜುತ್ತಿದ್ದರಂತೆ. ಈಗ ಹಿಂಜುವುದು ಮಶೀನಿನ ಪಾಲಿಗೆ ಹೋಗಿದೆ. ಹತ್ತಿ ತುಂಬುವುದು, ಬಡಿದು ಸಮ ಮಾಡುವುದು, ದಬ್ಬಣದಿಂದ ಬಿಗಿಯಾಗಿ ಹೊಲಿಯುವುದು ಮಾತ್ರ ಇನ್ನೂ ಕೈಕೆಲಸವೇ. ಅಂಗಡಿಗಳಲ್ಲಿ ಫೋಮಿನ ಹಾಸಿಗೆ ರಾಶಿ ಬಿದ್ದಿದ್ದರೂ ನಮ್ಮ ಕಡೆ ಹಳ್ಳಿಗಳಲ್ಲಿ ಮಗಳ ಮದುವೆಗೆ ಹತ್ತಿಯ ಗಾದಿಯೇ ಆಗಬೇಕು ಎನ್ನುವ ಮನೆಗಳು ಬೇಕಾದಷ್ಟಿವೆ.

ಆ ಗಾದಿಯನ್ನು ಹುಡುಗಿಯ ಮನೆಯ ಅಂಗಳದಲ್ಲೇ ಹೊಲಿಸುತ್ತಾರೆ. ಮೊದಲ ಹೊಲಿಗೆಗೆ ಮುಂಚೆ, ಹೊಲಿಯುವವರ ಮುಂದೆ ತಟ್ಟೆಯಲ್ಲಿ ಎಲೆ ಅಡಿಕೆ, ಬೆಲ್ಲದಚ್ಚು, ಒಂದು ಹೊಸ ಟವೆಲ್ ಇಡುತ್ತಾರೆ. ಕೂಲಿ ಬೇರೆ, ಇದು ಬೇರೆ. ಇದು ಕೈಗೆ ಕೊಡುವ ಮರ್ಯಾದೆ. ನಮ್ಮಕ್ಕನ ಮದುವೆಗೆ ಆನಗೋಡಿನ ನಮ್ಮ ಮನೆಯಂಗಳದಲ್ಲಿ ಸಾಬರು ಟವೆಲನ್ನು ಹೆಗಲಿಗೆ ಹಾಕಿಕೊಂಡು, ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ದಬ್ಬಣಕ್ಕೆ ಕೈ ಹಾಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗ ನಾನಿನ್ನೂ ಓದುತ್ತಿದ್ದೆ.

"ಸಾಬ್ರೆ, ನನ್ನ ಮದ್ವಿ ಗಾದೀನೂ ನೀವೇ ಹೊಲೀಬೇಕು" ಎಂದಿದ್ದೆ.

"ಮೊದ್ಲು ಓದು ಮುಗಸವ್ವ. ನಾನೆಲ್ಲಿ ಹೋಗ್ತೀನಿ, ನನ್ನ ಕೈ ಎಲ್ಲಿ ಹೋಗ್ತೈತೆ" ಎಂದಿದ್ದರು.

ಕೈ ಹೋಗಿದ್ದು ಕಡರನಾಯಕನಹಳ್ಳಿ ದಾರಿಯಲ್ಲಿ. ಆ ಊರಲ್ಲಿ ಕೆಲಸ ಮುಗಿಸಿ, ಉಳಿದ ಹತ್ತಿಯ ಗಂಟನ್ನು ಮೊಪೆಡ್ ಹಿಂದೆ ಕಟ್ಟಿಕೊಂಡು ಹರಿಹರದ ಕಡೆ ಬರುತ್ತಿದ್ದರು. ಹಿಂದಿನಿಂದ ಬಂದ ಕಾರಿನವನು ಮುಂದೆ ಹೋಗುವ ಅವಸರದಲ್ಲಿ ಹ್ಯಾಂಡಲಿಗೆ ತಾಗಿಸಿದ. ಹತ್ತಿಯ ಗಂಟಿನ ಮೇಲೆ ಬಿದ್ದು ತಲೆ ಉಳಿಯಿತು, ಬಲಭುಜ ರಸ್ತೆಯ ಅಂಚಿಗೆ ಬಡಿಯಿತು. ಅದೇ ಊರಿನ ರೈತ ಗುತ್ತೆಪ್ಪ ಹೊಲದಿಂದ ಬರುತ್ತಿದ್ದವನು ಕಣ್ಣಾರೆ ಕಂಡ. ಅವನೇ ಎತ್ತಿ, ಸಿಕ್ಕ ಗಾಡಿಗೆ ಹಾಕಿ, ಹರಿಹರದ ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ಕಾರಿನ ನಂಬರನ್ನೂ ಕೊಟ್ಟ. ದಾವಣಗೆರೆಯಲ್ಲಿ ಆಪರೇಷನ್ ಆಗಿ ಮೂಳೆಯೇನೋ ಕೂಡಿತು. ನರ ಕೂಡಲಿಲ್ಲ. ಬಲಗೈ ಎದೆಯಿಂದ ಮೇಲಕ್ಕೆ ಏಳುವುದಿಲ್ಲ, ಬೆರಳುಗಳು ಬಿಗಿಯಾಗಿ ಏನನ್ನೂ ಹಿಡಿಯುವುದಿಲ್ಲ.

ನಾನು ಕಾರಿನ ವಿಮಾ ಕಂಪನಿಯ ಮೇಲೆ ಪರಿಹಾರದ ಅರ್ಜಿ ಹಾಕಿದೆ. ತಪ್ಪು ಕಾರಿನವನದು, ಕಾರಿಗೆ ವಿಮೆ ಇದೆ, ನೋಡಿದ ಸಾಕ್ಷಿ ಇದ್ದಾನೆ. ಇಂಥ ಕೇಸು ನೀರು ಕುಡಿದಷ್ಟು ಸುಲಭ. ಉಳಿದದ್ದು ಒಂದೇ ಪ್ರಶ್ನೆ, ಈ ಮನುಷ್ಯ ಇನ್ನು ತನ್ನ ಕಸುಬು ಮಾಡಬಲ್ಲನೇ? ಮಾಡಲಾರ ಎಂದು ತೋರಿಸಿದರೆ ಮುಂದಿನ ಬದುಕಿಗೆ ಆಗುವಷ್ಟು ಪರಿಹಾರ. ಮಾಡಬಲ್ಲ ಎಂದಾದರೆ ಆಸ್ಪತ್ರೆಯ ಖರ್ಚು ಕೈಗಿಟ್ಟು ಮನೆಗೆ ಕಳಿಸುತ್ತಾರೆ.

ಮೊದಲ ಪೆಟ್ಟು ಬಿದ್ದದ್ದು ಅಂಗವೈಕಲ್ಯ ಪರೀಕ್ಷೆಯ ದಿನ. ಡಾಕ್ಟರು "ಎಷ್ಟು ಆಗುತ್ತೋ ಅಷ್ಟು ಎತ್ತಿ" ಎಂದರು. ನಮ್ಮ ಸಾಬರು ಹಲ್ಲು ಕಚ್ಚಿ, ಹಣೆಯಲ್ಲಿ ಬೆವರು ಇಳಿಸಿಕೊಂಡು, ಸೊಂಟವನ್ನೇ ವಾರೆ ಮಾಡಿ ಕೈಯನ್ನು ಕಿವಿಯ ತನಕ ಒಯ್ದರು. ಡಾಕ್ಟರು ಅನುಭವಸ್ಥರು, ಎಕ್ಸ್‌ರೇ ನೋಡಿ ಕೈಯನ್ನು ಮೆಲ್ಲಗೆ ಇಳಿಸಿದರು. ಸಾಬರು ಆ ರಾತ್ರಿ ಮಗ್ಗುಲು ಬದಲಿಸಲಾಗದೆ ಗೋಡೆಗೊರಗಿ ಕೂತಿದ್ದರೆಂದು ಅವರ ಹೆಂಡತಿ ದಿಲ್ಷಾದ್ ಬೇಗಂ ಫೋನಿನಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

"ಡಾಕ್ಟ್ರು ನಿಮ್ಮನ್ನ ಕುಸ್ತಿಗೆ ಆರಿಸ್ಕೊಳ್ಳಾಕ ಕರದಿದ್ರಾ ಸಾಬ್ರೆ? ನೋವಾದ್ರೆ ನೋವು ಅನ್ರಿ, ಆಗದಿದ್ರೆ ಆಗಲ್ಲ ಅನ್ರಿ" ಎಂದೆ.

"ದೊಡ್ಡೋರು ಎತ್ತು ಅಂದಾಗ ಆಗಲ್ಲ ಅನ್ನಾದು ಹೆಂಗೆ ಬಿಂದವ್ವ?"

ಇಂಥವರಿಗೆ ಏನು ಹೇಳುತ್ತೀರಿ? ತಲೆ ಚಚ್ಚಿಕೊಂಡು ಸುಮ್ಮನಾದೆ.

ಸಾಬರ ಪಾಟಿ ಸವಾಲು ಹತ್ತಿರ ಬಂದಾಗ, ಕಂಪನಿಯ ವಕೀಲರು ಕೋರ್ಟಿನ ಪಡಸಾಲೆಯಲ್ಲಿ ಎದುರಾದರು. ಅವರು ನಗುತ್ತಾ ಬಂದರೆ ನಮಗೆ ಏನೋ ಕಾದಿದೆ ಎಂದೇ ಅರ್ಥ.

"ನಿಮ್ಮ ಸಾಬ್ರು ಭರ್ಜರಿ ಗಾದಿ ಹೊಲೀತಾರಲ್ರಿ ಬಿಂದು ಮೇಡಂ. ನಾವೂ ಒಂದು ಹೊಲಿಸಿದ್ವಿ. ತಾರೀಖಿಗೆ ತರ್ತೀನಿ, ಬೇಕಾದ್ರೆ ಕೂತು ನೋಡ್ರಿ" ಎಂದರು.

ಗೌನನ್ನು ಬ್ಯಾಗಿಗೆ ತುರುಕಿ, ಸ್ಕೂಟಿ ಹತ್ತಿ ನೇರ ನಿಟ್ಟುವಳ್ಳಿಗೆ ಹೋದೆ. ಸಾಬರು ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಬರ್ರಿ ಬಿಂದವ್ವ, ಕೂಡ್ರಿ" ಎಂದರು. ನಾನು ಕೂರಲಿಲ್ಲ.

"ನೀವು ಯಾರಿಗೆ ಗಾದಿ ಹೊಲಿದು ಕೊಟ್ರಿ?"

"ಬಾಳ ಜನಕ್ಕೆ ಕೊಟ್ಟೀವಲ್ಲ" ಎಂದು ಅವರು ಬಾಯಿ ತಪ್ಪಿ ಅಂದರು. ಆಮೇಲೆ ತಡವರಿಸಿ, "ಮೊನ್ನೆ ಒಬ್ಬ ಹುಡುಗ ಬಂದಿದ್ದ. ತಂಗಿ ಮದ್ವಿ ಅಂದ. ನಿಮ್ಮ ಕೈ ಮುರಿದೈತಂತೆ, ಹೊಲಿಯಾಕ ಆಗುತ್ತಾ ಅಂತ ಕೇಳ್ದ. ಮದ್ವಿ ಕೆಲ್ಸ ಹೊತ್ಕೊಂಡು ಬಾಗಿಲಿಗೆ ಬಂದೋನಿಗೆ ಆಗಲ್ಲ ಅನ್ನಾದಾ? ಈ ಕೈಲೇ ಹೊಲಿದು ಕೊಡ್ತೀನಿ ಹೋಗಪ್ಪ ಅಂದೆ" ಎಂದರು.

"ಅವನಿಗೆ ತಂಗೀನೂ ಇಲ್ಲ, ಮದ್ವಿನೂ ಇಲ್ಲ. ಕಂಪನಿ ಕಡೆಯಿಂದ ವಿಚಾರಣೆಗೆ ಬಂದೋನು ಅವ. ನಿಮ್ಮ ಮಾತನ್ನ ಫೋನಿನಾಗೆ ತುಂಬ್ಕೊಂಡು ಹೋಗಿರ್ತಾನೆ."

ಕೇಸು ಮುಳುಗುತ್ತದೆಯೇ ಎಂದು ಸಾಬರು ಕೇಳಬಹುದೆಂದು ನಾನು ಕಾದೆ. "ಹಂಗಾದ್ರೆ ಆ ಗಾದಿ ಮ್ಯಾಲೆ ಯಾರು ಮಲಗ್ತಾರೆ?" ಎಂದು ಕೇಳಿದರು.

ನಾನು ಬಾಯಿಗೆ ಬಂದಂತೆ ಬೈಯಲು ಶುರು ಮಾಡಿದೆ. ಮೈ ಕೈ ಸರಿಯಿದ್ದವರ ಕೇಸು ನನಗೆ ಯಾಕೆ ತಂದಿರಿ, ನಾನು ಕೋರ್ಟಿನಲ್ಲಿ ಸುಳ್ಳುಗಾರ್ತಿ ಅನ್ನಿಸಿಕೊಳ್ಳಬೇಕೇ ಎಂದೆಲ್ಲ ಕೂಗಾಡಿದೆ. ಸಂದಿಯವರು ಬಾಗಿಲಿಗೆ ಬಂದು ನಿಂತರು. ಆಗ ಒಳಗಿನಿಂದ ದಿಲ್ಷಾದ್ ಬೇಗಂ ನನ್ನನ್ನು ಕರೆದರು.

ಒಳಕೋಣೆಗೆ ದಪ್ಪನೆಯ ಪರದೆ ಇಳಿಬಿಟ್ಟಿದ್ದರು. ಅದರ ಹಿಂದೆ, ಒಂದೇ ಬಲ್ಬಿನ ಬೆಳಕಿನಲ್ಲಿ, ಅರ್ಧ ಹೊಲಿದ ಗಾದಿ ಹರಡಿತ್ತು. ದಿಲ್ಷಾದ್ ಬೇಗಂ ಅದರ ಪಕ್ಕ ಕೂತಿದ್ದರು, ತಲೆಯ ಸೆರಗಿನ ಮೇಲೆಲ್ಲ ಹತ್ತಿಯ ಎಳೆ. ದಬ್ಬಣ ಅವರ ಕೈಯಲ್ಲಿತ್ತು.

"ಅವ್ರನ್ನ ಬೈಬ್ಯಾಡವ್ವ. ಅವ್ರು ಹೊಲಿದಿಲ್ಲ. ಬಿದ್ದು ಬಂದಾಗಿಂದ ಎಲ್ಲಾ ಗಾದೀನೂ ನಂದೇ" ಎಂದರು.

ಮದುವೆಯಾಗಿ ಬಂದಾಗಿನಿಂದ ಗಂಡನ ಕೆಲಸ ನೋಡಿ ನೋಡಿ ಕಲಿತದ್ದು. ಅಪಘಾತವಾದ ಮೇಲೆ ಸಾಬರು ಹಳ್ಳಿಗಳಿಗೆ ಹೋಗಿ, ಅಂಗಳದಲ್ಲಿ ಹೊಲಿಯಲು ಈಗ ಮೈಗೆ ಆಗುವುದಿಲ್ಲ, ಮನೆಯಲ್ಲೇ ಹೊಲಿದು ಕಳಿಸುತ್ತೇನೆ ಎಂದು ಹೇಳಿ ಅಳತೆ ತರುತ್ತಿದ್ದರು. ತಟ್ಟೆಯ ಮರ್ಯಾದೆಯನ್ನು ಅಲ್ಲಿಯೇ ತಗೊಂಡು ಬರುತ್ತಿದ್ದರು. ಇಲ್ಲಿ ಪರದೆ ಬಿಟ್ಟು ಹೆಂಡತಿ ಹೊಲಿಯುತ್ತಿದ್ದರು. ಗುತ್ತೆಪ್ಪನ ಮಗಳ ಮದುವೆಯ ಗಾದಿಯೂ ಹೀಗೆಯೇ ಆದದ್ದು.

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಕೇಸು ಉಳಿಯಿತು ಅನ್ನಿಸಿತು. "ಇಷ್ಟೇನಾ? ಇದನ್ನೇ ಕೋರ್ಟಿನಾಗೆ ಹೇಳಿದ್ರೆ ಮುಗೀತು" ಎಂದೆ.

ಪರದೆಯ ಆಚೆಯಿಂದ ಸಾಬರು, "ಅದೊಂದು ಹೇಳಬ್ಯಾಡವ್ವ" ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. "ಬ್ಯಾರೆ ಏನಾದ್ರೂ ಹೇಳಾನ. ಊರೂರಾಗೆ ಮಕ್ತುಮ್ ಸಾಬನ ಕೈ ಅಂತ ಕರೀತಾರೆ. ಕೈ ಇಲ್ಲ ಅಂತ ತಿಳದ್ರೆ ಯಾರು ಕರೀತಾರೆ? ಇಷ್ಟು ದಿನ ಯಾರ್ಯಾರ ಮನಿ ಟವೆಲ್ ತಗಂಡೀನಿ, ಅವ್ರಿಗೆಲ್ಲ ಏನು ಮುಖ ತೋರಿಸ್ಲಿ?"

"ಬೇರೆ ಮಾತು ಇಲ್ಲ ಸಾಬ್ರೆ. ನಾನೇ ಹೊಲಿದೆ ಅಂದ್ರೆ ಕೇಸು ಅಲ್ಲಿಗೇ ಮುಗೀತು. ಆಕೆ ಹೊಲಿದ್ಲು ಅಂದ್ರೆ ಉಳೀತು. ಸಾಕ್ಷಿ ಹೇಳಾಕೆ ಗುತ್ತೆಪ್ಪನೂ ಅವತ್ತೇ ಬರ್ತಾನೆ, ಅವನ ಕಿವಿ ಮುಚ್ಚಾಕೆ ನನ್ನ ಕೈಲಾಗಲ್ಲ."

ದಿಲ್ಷಾದ್ ಬೇಗಂ ದಬ್ಬಣವನ್ನು ಗಾದಿಗೆ ಚುಚ್ಚಿ ನಿಲ್ಲಿಸಿ, ಪರದೆಯ ಕಡೆ ನೋಡುತ್ತಾ, "ಸಾಯೋ ತನಕ ನಾನು ಈ ಕತ್ಲಾಗೇ ಕೂತು ಹೊಲೀಬೇಕೇನು?" ಎಂದರು. ನಾನು ಹೊರಡುವಾಗ ಸಾಬರು ಗೋಡೆ ನೋಡುತ್ತಾ ಕೂತಿದ್ದರು.

ತಾರೀಖಿನ ದಿನ ಬೆಳಿಗ್ಗೆ ಗುತ್ತೆಪ್ಪ ಚೆನ್ನಾಗಿಯೇ ಸಾಕ್ಷಿ ನುಡಿದ. ಕಾರು ಹೇಗೆ ಬಂತು, ಎಲ್ಲಿ ತಾಗಿಸಿತು ಎಂಬುದನ್ನು ಅಳುಕಿಲ್ಲದೆ ಹೇಳಿದ. ಮುಗಿದ ಮೇಲೆ ಮನೆಗೆ ಹೋಗಬಹುದಿತ್ತು. "ಸಾಬಣ್ಣಂದೂ ಮುಗೀಲಿ, ಜತಿಗೇ ಹೋಕ್ಕೀನಿ" ಎಂದು ಹಿಂದಿನ ಬೆಂಚಿನಲ್ಲಿ ದಿಲ್ಷಾದ್ ಬೇಗಂ ಪಕ್ಕ ಜಾಗ ಬಿಟ್ಟು ಕೂತ. ನಾನು ಮನಸ್ಸಿನಲ್ಲೇ ಹಣೆ ಹಣೆ ಬಡಿದುಕೊಂಡೆ.

ಊಟದ ಹೊತ್ತಿನ ನಂತರ ಗೂಡ್ಸ್ ಆಟೋದಲ್ಲಿ ಗಾದಿ ಬಂತು. ಫೋಟೋ ತಂದಿದ್ದರೆ ಸಾಕಿತ್ತು, ಆದರೆ ಕಂಪನಿಯ ವಕೀಲರಿಗೆ ನಾಟಕದ ಹುಚ್ಚು. ಇಬ್ಬರು ಹೊತ್ತು ತಂದು ಸಾಕ್ಷಿಯ ಕಟಕಟೆಯ ಎದುರು ಬಿಡಿಸಿದರು. ಕೆಂಪು ಹೂವಿನ ಬಟ್ಟೆ, ನಾಲ್ಕೂ ಅಂಚು ಗೆರೆ ಎಳೆದಂತೆ. ಬೇರೆ ಕೇಸಿಗೆ ಬಂದಿದ್ದ ಹೆಂಗಸೊಬ್ಬರು ಬಗ್ಗಿ ಒತ್ತಿಯೂ ನೋಡಿದರು. ನ್ಯಾಯಾಧೀಶರು ಕನ್ನಡಕ ಏರಿಸಿ, "ಇದೇನಿದು, ಛತ್ರವೇ?" ಎಂದರು. ವಕೀಲರು ಕ್ಷಮೆ ಕೇಳಿ, ಆಮೇಲೆ ಫೋನಿನ ಮಾತನ್ನು ಕೇಳಿಸಿದರು. 'ಈ ಕೈಲೇ ಹೊಲಿದು ಕೊಡ್ತೀನಿ ಹೋಗಪ್ಪ' ಎಂದು ಸಾಬರ ದನಿ ಇಡೀ ಹಾಲಿಗೆ ಕೇಳಿಸಿತು.

"ಇದು ನಿಮ್ಮ ದನಿ ಹೌದೋ ಅಲ್ಲವೋ?"

"ಹೌದ್ರಿ."

"ಈ ಗಾದಿ ನಿಮ್ಮ ಮನೆಯಲ್ಲಿ ಹೊಲಿದದ್ದು ಹೌದೋ ಅಲ್ಲವೋ?"

"ಹೌದ್ರಿ."

"ಹಾಗಾದರೆ ನೀವೇ ಹೊಲಿದದ್ದು. ನಿಮ್ಮ ಕೈಗೆ ಏನೂ ಆಗಿಲ್ಲ. ಪರಿಹಾರದ ಆಸೆಗೆ ಸುಳ್ಳು ಅರ್ಜಿ ಹಾಕಿದ್ದೀರಿ."

ಸಾಬರು ಗಾದಿಯನ್ನೇ ನೋಡುತ್ತಿದ್ದರು. ಆಮೇಲೆ ಹಿಂದಿನ ಬೆಂಚಿನ ಕಡೆ ನೋಡಿದರು. ಗುತ್ತೆಪ್ಪ ಮುಂದಕ್ಕೆ ಬಾಗಿ ಕೂತಿದ್ದ. ದಿಲ್ಷಾದ್ ಬೇಗಂ ತಲೆ ತಗ್ಗಿಸಿ ಸೆರಗಿನ ಚುಂಗು ತಿರುವುತ್ತಿದ್ದರು. ನನಗೆ ಎದ್ದು ನಿಂತು ಅವರ ಬದಲು ನಾನೇ ಹೇಳಿಬಿಡಬೇಕು ಅನ್ನಿಸಿತು. ಹೇಳುವಂತಿರಲಿಲ್ಲ. ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡು ಕೂತೆ.

"ಉತ್ತರ ಹೇಳಿ" ಎಂದರು ನ್ಯಾಯಾಧೀಶರು.

"ನಾ ಹೊಲಿದಿದ್ದಲ್ರಿ" ಎಂದರು ಸಾಬರು. "ನಮ್ಮ ಮನಿಯಾಕಿ ಹೊಲಿದಿದ್ದು. ಬಿದ್ದಾಗಿಂದ ಒಂದು ಗಾದೀನೂ ನಾ ಹೊಲಿದಿಲ್ರಿ. ಎಲ್ಲಾ ಆಕೀದೆ. ಆ ಹುಡುಗನಿಗೆ ಹೇಳಿದ್ದು ಸುಳ್ಳು. ಊರಾಗೂ ಎಲ್ಲರಿಗೂ ಹಂಗೇ ಸುಳ್ಳು ಹೇಳೀನ್ರಿ."

ಕಂಪನಿಯ ವಕೀಲರು ಬಿಡುವವರಲ್ಲ. "ಅಂದು ಸುಳ್ಳು ಹೇಳಿದವರು ಇಂದು ನಿಜ ಹೇಳುತ್ತೀರಿ ಎಂದು ಹೇಗೆ ನಂಬುವುದು?" ಎಂದರು.

"ಅವತ್ತಿನ ಸುಳ್ಳಿನಾಗೆ ನನ್ನ ಮರ್ಯಾದಿ ಉಳೀತಿತ್ರಿ. ಇವತ್ತಿನ ಮಾತಿನಾಗೆ ಹೋತು" ಎಂದರು ಸಾಬರು. ಚಾತುರ್ಯಕ್ಕೆ ಹೇಳಿದ ಮಾತಲ್ಲ ಅದು.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, "ಬಲಗೈ ಎತ್ತಿ ತೋರಿಸಿ" ಎಂದರು. ನನಗೆ ಡಾಕ್ಟರ ಕೋಣೆ ನೆನಪಾಯಿತು. ಸಾಬರು ಕೈ ಎತ್ತಿದರು. ಎದೆಯ ತನಕ ಬಂದು ನಿಂತಿತು. ಹಲ್ಲು ಕಚ್ಚಲಿಲ್ಲ, ಸೊಂಟ ವಾರೆ ಮಾಡಲಿಲ್ಲ. "ಇಷ್ಟೇ ಆಗಾದು ಸಾಹೇಬ್ರೆ" ಎಂದು ಎಲ್ಲರೂ ನೋಡುವ ಹಾಗೆ ಅಲ್ಲಿಯೇ ಹಿಡಿದುಕೊಂಡು ನಿಂತರು. ನ್ಯಾಯಾಧೀಶರು ಸಾಕು ಎನ್ನುವ ತನಕ ಇಳಿಸಲಿಲ್ಲ.

ಆಮೇಲೆ ನಾನು ದಿಲ್ಷಾದ್ ಬೇಗಂ ಅವರನ್ನು ಸಾಕ್ಷಿಯಾಗಿ ಕರೆಸಿದೆ. ಯಾರು ಹೊಲಿದದ್ದು ಎಂದು ಕೇಳಿದ್ದಕ್ಕೆ, "ನಾನು" ಎಂದರು. ಮತ್ತೊಮ್ಮೆ ಕೇಳಿದಾಗ ಇನ್ನಷ್ಟು ಜೋರಾಗಿ, "ನಾನೇ ರೀ" ಎಂದರು. ಆ ಹೆಂಗಸು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಹೊರಗೆ ಬೇವಿನ ಮರದ ಕೆಳಗೆ ಗುತ್ತೆಪ್ಪ ಕಾಯುತ್ತಿದ್ದ. ಜತೆಗೆ ಹೋಗುತ್ತೇನೆ ಎಂದವನ ಮುಖ ಗಂಟು ಹಾಕಿಕೊಂಡಿತ್ತು.

"ನನ್ನ ಮಗಳ ಗಾದಿ?" ಎಂದು ಕೇಳಿದ.

"ಅದೂ ಆಕೀದೇ ಗುತ್ತೆಪ್ಪ" ಎಂದರು ಸಾಬರು.

"ಗಾದಿ ಚಲೋ ಐತೆ, ಬೀಗರು ಹೊಗಳ್ಯಾರೆ. ಅದು ಬಿಡು. ಹೊಲಿದಿದ್ದು ಆಯಮ್ಮ ಆದ್ರೆ, ನಮ್ಮವ್ವ ಇಟ್ಟ ಎಲೆ ಅಡಿಕೆ, ಟವೆಲ್ ನೀನ್ಯಾಕ ತಗಂಡಿ?"

ಅಷ್ಟು ಹೊತ್ತು ವಕೀಲರಿಗೆ ಉತ್ತರ ಕೊಟ್ಟ ಸಾಬರು ಮರದ ಬುಡ ನೋಡುತ್ತಾ ನಿಂತರು. ಗುತ್ತೆಪ್ಪ ದಿಲ್ಷಾದ್ ಬೇಗಂ ಅವರಿಗೆ "ಬರ್ತೀನಮ್ಮ" ಎಂದು ಹೇಳಿ ಹರಿಹರದ ಬಸ್ಸು ಹಿಡಿಯಲು ಹೋದ. ಸಾಬರಿಗೆ ಹೇಳಲಿಲ್ಲ.

ತೀರ್ಪು ನಮ್ಮ ಕಡೆಗೇ ಆಯಿತು. ಹೆಂಡತಿ ಹೊಲಿಯುತ್ತಾಳೆಂದ ಮಾತ್ರಕ್ಕೆ ಗಂಡನ ಕೈ ಸರಿಯಾಗುವುದಿಲ್ಲ, ಅವರು ಕಳೆದುಕೊಂಡ ಕಸುಬಿಗೆ ಕಂಪನಿಯೇ ಪರಿಹಾರ ಕೊಡಬೇಕು ಎಂದು ಬರೆದಿದ್ದರು. ಸುದ್ದಿ ಹೇಳಲು ಫೋನ್ ಮಾಡಿದಾಗ ಸಾಬರು "ದೊಡ್ಡ ಉಪಕಾರ ಆತವ್ವ" ಎಂದರು. ಖುಷಿಯ ದನಿ ಅಲ್ಲ. ಹಳ್ಳಿಗಳಿಂದ ಕರೆ ಬರುವುದು ಆಗಲೇ ನಿಂತು ಹೋಗಿತ್ತು. ನಾನು ಕೇಸು ಗೆದ್ದವಳು ಸಿಹಿ ಹಂಚುವ ಬದಲು ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ.

ಆ ವರ್ಷದ ಕೊನೆಗೆ ನನ್ನ ಮದುವೆ ಗೊತ್ತಾಯಿತು. ತಡವಾಗಿ ಆದರೂ ಗಾದಿ ಹೊಲಿಸದೆ ಬಿಡುವವರಲ್ಲ ನಮ್ಮಮ್ಮ ನಿರ್ಮಲಮ್ಮ. ನಾನು ಸಾಬರಿಗೆ ಫೋನ್ ಮಾಡಿ, "ಮಾತು ಕೊಟ್ಟಿದ್ರಿ, ನೆನಪೈತಾ? ಇಬ್ಬರೂ ಆನಗೋಡಿಗೆ ಬರ್ಬೇಕು, ಅಂಗಳದಾಗೇ ಹೊಲೀಬೇಕು" ಎಂದೆ. ಬರುವುದಿಲ್ಲ ಎಂದು ಅವರು ಏನೇನೋ ನೆಪ ಹೇಳಿದರು. ಬರದಿದ್ದರೆ ನೆಲದ ಮೇಲೆ ಮಲಗುತ್ತೇನೆ ಎಂದು ನಾನೂ ಹಟ ಹಿಡಿದೆ.

ಬಂದರು. ಅಂಗಳದಲ್ಲಿ ಚಾಪೆ ಹಾಸಿತ್ತು. ದಿಲ್ಷಾದ್ ಬೇಗಂ ಹತ್ತಿ ಹರಡಿ, ಬಡಿದು, ಸಮ ಮಾಡಿದರು. ಅಕ್ಕಪಕ್ಕದ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಸಾಬರು ಒಂದು ಮಗ್ಗುಲಿಗೆ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಮ್ಮ ತಟ್ಟೆ ತಂದರು. ಎಲೆ ಅಡಿಕೆ, ಬೆಲ್ಲದಚ್ಚು, ಹೊಸ ಟವೆಲ್. ಹಳೆಯ ರೂಢಿ ಎಲ್ಲಿ ಹೋಗುತ್ತದೆ, ನೇರ ಹೋಗಿ ಸಾಬರ ಮುಂದೆ ಇಟ್ಟು ಕೈ ಮುಗಿದರು.

ಸಾಬರು ತಟ್ಟೆ ನೋಡಿದರು. ಎಡಗೈಯಿಂದ ಅದನ್ನು ಮೆಲ್ಲಗೆ ತಳ್ಳಿ, ಹೆಂಡತಿಯ ಮುಂದೆ ನಿಲ್ಲಿಸಿದರು.

"ತಗಾ" ಎಂದರು. "ಇದು ನಿಂದು."

ದಿಲ್ಷಾದ್ ಬೇಗಂ ಕೈಯ ಹತ್ತಿಯನ್ನು ಸೆರಗಿಗೆ ಒರೆಸಿಕೊಂಡು, ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು, ಟವೆಲನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಸಾಬರು ದಬ್ಬಣವನ್ನು ಕಾಲಿನ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಿಂದ ದಾರ ಪೋಣಿಸಿ, ಹೆಂಡತಿಯ ಕೈಗೆ ಕೊಟ್ಟರು.